ಹೊಡೆಯಲು ಬರುವ ರೋಗಿ, ಆಸ್ಪತ್ರೆಗೆ ಒಲ್ಲದ ರೋಗಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಆಂಬುಲೆನ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ರೋಗಿ ಬೈಯುತ್ತ, ಕೈ ಬೀಸುತ್ತ ಹತ್ತಿರ ಸೇರಿಸದಿದ್ದರೆ ಏನು ಮಾಡಬೇಕು? "ಕುಡಿದಿದ್ದಾನೆ, ಹಿಡಿದು ಕಟ್ಟು" ಎನ್ನುತ್ತಾರೆ ಹಿರಿಯರು.

ಉತ್ತರ: ಕುಡಿದಿರಬಹುದು. ಆದರೆ ಕುಡಿದವರೂ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾರೆ, ಅವರ ಶುಗರ್ ಕೂಡ ಇಳಿಯುತ್ತದೆ. ಬೇರೆ ಕಾರಣವಿಲ್ಲ ಎಂದು ಪರೀಕ್ಷೆಯಿಂದ ಖಾತ್ರಿಯಾಗುವವರೆಗೂ ಆ ಆರ್ಭಟವನ್ನು ರೋಗಲಕ್ಷಣವೆಂದೇ ಎಣಿಸಿ.

ಮೊದಲ ಅನುಮಾನ ಶುಗರ್ ಮೇಲಿರಲಿ. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗ ಬೆವರು, ನಡುಕ ಶುರುವಾಗುತ್ತವೆ. 54ಕ್ಕಿಂತ ಕೆಳಗಾದರೆ ಮಿದುಳಿಗೆ ಇಂಧನ ಸಾಲದೆ ಗೊಂದಲ, ಸಿಟ್ಟು, ಹೊಡೆದಾಟಕ್ಕೂ ತಿರುಗುತ್ತದೆ. ಆಮ್ಲಜನಕ ಕಡಿಮೆಯಾದವರು ಮಾಸ್ಕನ್ನೇ ಕಿತ್ತೆಸೆಯುತ್ತಾರೆ. ಹೊಗೆ ತುಂಬಿದ ಕೋಣೆಯಿಂದ ಬಂದವರ ವಿಷಯದಲ್ಲಿ ಪಲ್ಸ್ ಆಕ್ಸಿಮೀಟರನ್ನು ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ. ಫಿಟ್ಸ್ ಮುಗಿದು ಇನ್ನೂ ಪೂರ್ತಿ ಎಚ್ಚರವಾಗದವರನ್ನು ಹಿಡಿದಷ್ಟೂ ಹೋರಾಡುತ್ತಾರೆ. ಪೆಟ್ಟಾಗದಂತೆ ನೋಡಿಕೊಂಡು ಕಾದರೆ ಬಹುತೇಕರು ತಾವೇ ತಿಳಿಯಾಗುತ್ತಾರೆ. ದಿನವೂ ಕುಡಿಯುವವರು ಹಠಾತ್ತನೆ ಬಿಟ್ಟರೆ ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಕಾಣಿಸಿಕೊಳ್ಳಬಹುದು. ವಯಸ್ಸಾದವರಾದರೆ ಸೋಂಕು, ಕಟ್ಟಿಕೊಂಡ ಮೂತ್ರ, ಕಿವಿಗೆ ಹಾಕಿಕೊಳ್ಳದ ಶ್ರವಣಯಂತ್ರ ಇವನ್ನೂ ವಿಚಾರಿಸಿ.

ಒಳಗೆ ಹೋಗುವ ಮೊದಲು ಕೊರಳಿನ ಸ್ಟೆತಸ್ಕೋಪ್, ಜೇಬಿನ ಕತ್ತರಿ ತೆಗೆದಿಡಿ. ಬಾಗಿಲು ನಿಮಗೂ ಸಿಗಬೇಕು, ರೋಗಿಗೂ ಸಿಗಬೇಕು. ದಾರಿ ಕಟ್ಟಿಹೋಯಿತು ಅನಿಸಿದವರೇ ಮೈಮೇಲೆ ಬೀಳುವುದು. ಎರಡು ತೋಳಿನಷ್ಟು ದೂರದಲ್ಲಿ, ಸ್ವಲ್ಪ ಓರೆಯಾಗಿ, ಅಂಗೈ ಕಾಣುವಂತೆ ನಿಲ್ಲಿ. ಆಯುಧ ಕಂಡರೆ ಮಾತು ಬೇಡ, ಹೊರಬಂದು ಪೊಲೀಸರಿಗೆ ಕಾಯಿರಿ.

ಮಾತಾಡುವವರು ಒಬ್ಬರೇ ಇರಲಿ. ನಾಲ್ಕು ಜನ ನಾಲ್ಕು ದಿಕ್ಕಿನಿಂದ "ಸುಮ್ಮನಿರಿ" ಎಂದು ಕೂಗುವುದರಿಂದ ಶಾಂತರಾದವರಿಲ್ಲ. ಹೆಸರು ಹೇಳಿಕೊಳ್ಳಿ, ಚಿಕ್ಕ ವಾಕ್ಯದಲ್ಲಿ ಮಾತಾಡಿ, ಹೇಳಿದ್ದನ್ನೇ ಬೇಸರಿಸದೆ ಮತ್ತೆ ಹೇಳಿ. ಆಯ್ಕೆ ಕೊಡಿ: "ಕೂತು ಮಾತಾಡೋಣವಾ, ನಿಂತೇ ಮಾತಾಡೋಣವಾ?" "ಬಿಪಿ ಯಾವ ಕೈಯಲ್ಲಿ ನೋಡಲಿ?" ಇಷ್ಟಕ್ಕೇ ಹತ್ತು ನಿಮಿಷ ಹೋದರೂ ಅದು ವ್ಯರ್ಥವಲ್ಲ. ಕಟ್ಟಿಹಾಕಲು ಅದಕ್ಕಿಂತ ಹೆಚ್ಚು ಹೊತ್ತೂ ಬೇಕು, ಹೆಚ್ಚು ಜನವೂ ಬೇಕು.

ಪ್ರಶ್ನೆ: ಮಾತಿಗೆ ಬಗ್ಗದೆ ಕಟ್ಟಲೇಬೇಕಾಗಿ ಬಂದರೆ ಸರಿಯಾದ ಕ್ರಮ ಯಾವುದು?

ಉತ್ತರ: ಐದು ಜನ ಬೇಕು: ಕೈಕಾಲಿಗೆ ಒಬ್ಬೊಬ್ಬರು, ತಲೆಯ ಬಳಿ ಒಬ್ಬರು. ತಲೆಯ ಬಳಿ ಇರುವವರೇ ಸೂಚನೆ ಕೊಡುತ್ತಾರೆ, ರೋಗಿಯ ಜೊತೆ ಮಾತಾಡುತ್ತಾರೆ, ಉಸಿರು ನೋಡುತ್ತಾರೆ. ಇಬ್ಬರೇ ಇದ್ದು ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ ಹಿಂದೆ ಸರಿದು ಸಹಾಯ ಕರೆಯಿರಿ.

ರೋಗಿಯನ್ನು ಅಂಗಾತ ಮಲಗಿಸಿ, ತಲೆಭಾಗವನ್ನು ಸುಮಾರು 30 ಡಿಗ್ರಿ ಎತ್ತಿ. ಒಂದು ಕೈ ತಲೆಯ ಪಕ್ಕಕ್ಕೆ ಮೇಲೆ, ಇನ್ನೊಂದು ಸೊಂಟದ ಪಕ್ಕಕ್ಕೆ ಕೆಳಗೆ ಇರಲಿ. ಎರಡೂ ಒಂದೇ ಕಡೆಗಿದ್ದರೆ ಮೈಯನ್ನೆಲ್ಲ ಒಟ್ಟುಗೂಡಿಸಿ ಏಳಲು ಬಲ ಸಿಗುತ್ತದೆ. ಮೆತ್ತನೆಯ, ಅಗಲವಾದ ಪಟ್ಟಿಯನ್ನು ಸ್ಟ್ರೆಚರಿನ ಮುಖ್ಯ ಚೌಕಟ್ಟಿಗೆ ಕಟ್ಟಿ, ಪಕ್ಕದ ಕಂಬಿಗೆ ಬೇಡ. ಕಂಬಿ ಇಳಿಸಿದಾಗ ಕೈ ತಿರುಚಿಕೊಳ್ಳುತ್ತದೆ. ಪಟ್ಟಿಯ ಕೆಳಗೆ ಒಂದು ಬೆರಳು ತೂರಬೇಕು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಪೊಲೀಸರ ಕೋಳ ಇದ್ದರೆ ಅದರ ಕೀಲಿ ಇರುವವರು ಆಂಬುಲೆನ್ಸ್‌ನಲ್ಲೇ ಬರಬೇಕು.

ಬೋರಲು ಮಲಗಿಸಿ ಕಟ್ಟಬಾರದು. ಬೆನ್ನು, ಎದೆ, ಕುತ್ತಿಗೆಯ ಮೇಲೆ ಯಾರ ಮೊಣಕಾಲೂ ಬೀಳಬಾರದು. ಕಾರಣ ಇಷ್ಟು: ಜೋರಾಗಿ ಹೋರಾಡಿದವರ ರಕ್ತದಲ್ಲಿ ಆಮ್ಲ ಏರಿರುತ್ತದೆ. ದೇಹ ಅದನ್ನು ಸರಿದೂಗಿಸುವುದು ವೇಗದ ಉಸಿರಿನ ಮೂಲಕ ಇಂಗಾಲದ ಡೈಆಕ್ಸೈಡನ್ನು ಹೊರಹಾಕಿ. ಎದೆ ಹಿಗ್ಗಲು ಬಿಡದೆ ಒತ್ತಿದರೆ ಆ ದಾರಿ ಮುಚ್ಚುತ್ತದೆ, ಆಮ್ಲ ಇನ್ನೂ ಏರುತ್ತದೆ, ಹೃದಯ ನಿಲ್ಲಬಹುದು. "ಮಾತಾಡ್ತಿದ್ದಾರಲ್ಲ, ಉಸಿರು ಸರಿಯಿದೆ" ಎಂಬ ಮಾತಿಗೆ ಬೆಲೆ ಕೊಡಬೇಡಿ. ಎರಡು ಮಾತಾಡಲು ಬೇಕಾದ ಗಾಳಿ ಬಹಳ ಸ್ವಲ್ಪ, ಬದುಕಲು ಅಷ್ಟು ಸಾಲದು. ಉಸಿರಾಡಲಾಗುತ್ತಿಲ್ಲ ಎಂದು ರೋಗಿ ಹೇಳಿದರೆ ಅದನ್ನು ನಾಟಕವೆನ್ನದೆ ಆ ಕ್ಷಣವೇ ಭಾರ ತೆಗೆಯಿರಿ.

ಕಿರುಚುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರೆ ಸುತ್ತಲಿದ್ದವರಿಗೆಲ್ಲ ಹಗುರವಾಗುತ್ತದೆ. ಜೀವ ಹೋಗುವುದು ಇಂಥ ಹೊತ್ತಿನಲ್ಲೇ. ತಕ್ಷಣ ನಾಡಿ, ಉಸಿರು ನೋಡಿ. ಕಟ್ಟಿದ ರೋಗಿಯನ್ನು ಒಂದು ಕ್ಷಣವೂ ಒಂಟಿ ಬಿಡುವಂತಿಲ್ಲ. ಆಕ್ಸಿಮೀಟರ್, ಇಸಿಜಿ ಜೊತೆಗೆ ಕ್ಯಾಪ್ನೋಗ್ರಫಿ (ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಸಾಧನ) ಇದ್ದರೆ ಅದನ್ನೂ ಹಾಕಿ, ಉಸಿರು ತಗ್ಗುತ್ತಿರುವುದನ್ನು ಅದು ಆಕ್ಸಿಮೀಟರಿಗಿಂತ ಮೊದಲೇ ತೋರಿಸುತ್ತದೆ. 15 ನಿಮಿಷಕ್ಕೊಮ್ಮೆಯಾದರೂ ನಾಲ್ಕೂ ಕೈಕಾಲುಗಳ ನಾಡಿ, ಬಣ್ಣ, ಸ್ಪರ್ಶ, ಚಲನೆ ನೋಡಿ ಸಮಯದೊಡನೆ ಬರೆಯಿರಿ. ಉಗುಳುತ್ತಿದ್ದರೆ ತೆಳುವಾದ ಸರ್ಜಿಕಲ್ ಮಾಸ್ಕ್ ಸಾಕು, ಬಟ್ಟೆ ತುರುಕುವುದು ಕೊಲೆಗೆ ಸಮ. ಆಮ್ಲಜನಕದ ಚೀಲವಿರುವ ಮಾಸ್ಕ್ ಹಾಕುವುದಾದರೆ ನಿಮಿಷಕ್ಕೆ 10ರಿಂದ 15 ಲೀಟರ್ ಹರಿಯುತ್ತಿರಲೇಬೇಕು.

ಪ್ರಶ್ನೆ: ಶಾಂತಗೊಳಿಸುವ ಇಂಜೆಕ್ಷನ್ ಕೊಟ್ಟುಬಿಟ್ಟರೆ ಸುಲಭವಲ್ಲವೇ?

ಉತ್ತರ: ನಿಮ್ಮ ಆಂಬುಲೆನ್ಸ್ ಸೇವೆಯ ಚಿಕಿತ್ಸಾ ನಿಯಮ ಮತ್ತು ವೈದ್ಯರ ಆದೇಶ ಇದ್ದಾಗ ಮಾತ್ರ. ಮಂಪರು ತರಿಸುವ ಮಿಡಜೋಲಮ್ ವಯಸ್ಕರಿಗೆ ಸಾಮಾನ್ಯವಾಗಿ 5 ಮಿಲಿಗ್ರಾಂ, ಸ್ನಾಯುವಿಗೆ. ಔಷಧಿ ಹಿಡಿಯಲು 5ರಿಂದ 15 ನಿಮಿಷ ಬೇಕು. ಮೂರು ನಿಮಿಷಕ್ಕೇ ತಾಳ್ಮೆಗೆಟ್ಟು ಇನ್ನೊಂದು ಚುಚ್ಚಿದರೆ ಎರಡೂ ಒಟ್ಟಿಗೆ ಹಿಡಿದು ಉಸಿರು ನಿಲ್ಲಬಹುದು. ಮದ್ಯ ಸೇರಿದ್ದರೆ ಇನ್ನೂ ಬೇಗ. ಅರಿವಳಿಕೆ ಔಷಧಿಯಾದ ಕೆಟಮಿನ್ ಸ್ನಾಯುವಿಗೆ ತೂಕದ ಕಿಲೋಗೆ ಸುಮಾರು 4 ಮಿಲಿಗ್ರಾಂ, 3ರಿಂದ 5 ನಿಮಿಷದಲ್ಲಿ ಕೆಲಸ ಮಾಡುತ್ತದೆ, ಆದರೆ ಜೊಲ್ಲು ಉಕ್ಕುತ್ತದೆ, ಗಂಟಲು ಬಿಗಿಯಬಹುದು. ವಯಸ್ಸಾದವರಿಗೆ ಪ್ರಮಾಣ ಅರ್ಧಕ್ಕಿಳಿಯಬೇಕು. ಜೊಲ್ಲು ಹೀರುವ ಸಕ್ಷನ್ ಯಂತ್ರ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಆಮ್ಲಜನಕ ಸೂಜಿಗಿಂತ ಮೊದಲೇ ಕೈಗೆಟುಕುವಂತಿರಬೇಕು.

ಅಮೆರಿಕದ ಕೊಲರಾಡೊ ರಾಜ್ಯದ ಅರೋರಾದಲ್ಲಿ 2019ರಲ್ಲಿ ಸುಮಾರು 65 ಕಿಲೋ ತೂಕದ ಇಲೈಜಾ ಮೆಕ್‌ಕ್ಲೇನ್ ಎಂಬ ಯುವಕನನ್ನು 90 ಕಿಲೋ ಎಂದು ಅಂದಾಜಿಸಿ 500 ಮಿಲಿಗ್ರಾಂ ಕೆಟಮಿನ್ ಕೊಡಲಾಯಿತು. ಪೊಲೀಸರು ಅದಾಗಲೇ ಅವನ ಕುತ್ತಿಗೆಯನ್ನು ಬಿಗಿಹಿಡಿದಿದ್ದರು. ಅವನು ಸತ್ತ, 2023ರಲ್ಲಿ ಇಬ್ಬರು ಪ್ಯಾರಾಮೆಡಿಕ್‌ಗಳು ದೋಷಿಗಳೆಂದು ತೀರ್ಪಾಯಿತು. ಇಂಥ ಇಂಜೆಕ್ಷನ್‌ಗಳಿಗೆ ನೆಪವಾಗುತ್ತಿದ್ದ "ಎಕ್ಸೈಟೆಡ್ ಡೆಲಿರಿಯಂ" (ಉದ್ರೇಕದ ಸನ್ನಿ) ಎಂಬ ಹಣೆಪಟ್ಟಿಗೆ ಆಧಾರವಾಗಿದ್ದ 2009ರ ವರದಿಯನ್ನು ಅಲ್ಲಿನ ತುರ್ತುವೈದ್ಯರ ಸಂಘ 2023ರಲ್ಲೇ ಹಿಂತೆಗೆದುಕೊಂಡಿತು. ಔಷಧಿ ರೋಗಿಯ ಹಿತಕ್ಕಾಗಿಯೇ ಇರಬೇಕು, ಪೊಲೀಸರು ಕೇಳಿದರೆಂದು ಕೊಡುವಂಥದ್ದಲ್ಲ.

ಪ್ರಶ್ನೆ: ಶುಗರ್ ಇಳಿದು ನಮ್ಮ ತಂದೆ ಹೊಡೆಯಲು ಬಂದರು. ಆಂಬುಲೆನ್ಸಿನವರು ಗ್ಲೂಕೋಸ್ ಕೊಟ್ಟ ಮೇಲೆ ತಂದೆ ಸರಿಯಾಗಿ, "ಆಸ್ಪತ್ರೆಗೆ ಬರೋದಿಲ್ಲ" ಅಂದರು. ಎಳೆದುಕೊಂಡು ಹೋಗಬೇಕಿತ್ತೇ?

ಉತ್ತರ: ಹೊಡೆಯಲು ಬಂದಾಗ "ಬೇಡ" ಎಂದಿದ್ದರೂ ಚಿಕಿತ್ಸೆ ಕೊಡುವುದು ಸರಿಯೇ ಆಗಿತ್ತು, ಆಗ ನಿರ್ಧರಿಸುವ ಶಕ್ತಿಯೇ ಅವರಿಗಿರಲಿಲ್ಲ. ಸರಿಯಾದ ಮೇಲೆ ಆ ಶಕ್ತಿಯನ್ನು ಮತ್ತೆ ಅಳೆಯಬೇಕು. ಹೆಸರು, ದಿನ, ಊರು ಹೇಳಿದರೆ ಸಾಲದು. ಏನಾಯಿತೆಂದು ಅವರದೇ ಮಾತಲ್ಲಿ ಹೇಳಬೇಕು, ಬರದಿದ್ದರೆ ತಮಗೆ ಏನಾಗಬಹುದೆಂದು ಅರಿತಿರಬೇಕು, ಏಕೆ ಬೇಡವೆಂಬುದಕ್ಕೆ ಕಾರಣ ಕೊಡಬೇಕು, ಕೇಳಿದಾಗೆಲ್ಲ ಒಂದೇ ನಿರ್ಧಾರ ಹೇಳಬೇಕು. ಇವೆಲ್ಲ ಇದ್ದ ವಯಸ್ಕರು ಒಲ್ಲೆ ಎಂದರೆ ಎಳೆದೊಯ್ಯುವ ಅಧಿಕಾರ ಮನೆಯವರಿಗಾಗಲಿ ಸಿಬ್ಬಂದಿಗಾಗಲಿ ಇಲ್ಲ, ನಿರ್ಧಾರ ನಮಗೆ ತಪ್ಪೆಂದು ಕಂಡರೂ.

ಆದರೆ ಅವರು ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಮಾತ್ರೆ ಅಥವಾ ದೀರ್ಘಕಾಲದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಒಪ್ಪಿಸಲು ಚೆನ್ನಾಗಿ ಪ್ರಯತ್ನಿಸಬೇಕಿತ್ತು. 25 ಗ್ರಾಂ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಒಂದೆರಡು ಗಂಟೆಯಲ್ಲಿ ಕರಗಿಹೋಗುತ್ತದೆ, ಮಾತ್ರೆ ಒಂದು ದಿನ ಅಥವಾ ಇನ್ನೂ ಹೆಚ್ಚು ಹೊತ್ತು ಶುಗರ್ ಇಳಿಸುತ್ತಲೇ ಇರುತ್ತದೆ. ಕಿಡ್ನಿ ದುರ್ಬಲವಾಗಿದ್ದರಂತೂ ಅಪಾಯ ಇನ್ನೂ ಹೆಚ್ಚು. "ಬರದಿದ್ದರೆ ಏನೋ ಆಗಬಹುದು" ಎಂಬ ಮಾತಿಗೆ ಯಾರೂ ಬಗ್ಗುವುದಿಲ್ಲ. "ರಾತ್ರಿ ನಿದ್ದೆಯಲ್ಲೇ ಮತ್ತೆ ಇಳಿದು ಏಳದೇ ಹೋಗಬಹುದು" ಎಂದು ಬಿಡಿಸಿ ಹೇಳಿದರೆ ಯೋಚಿಸುತ್ತಾರೆ. ಏಕೆ ಬೇಡವೆಂದು ಕೇಳುವುದೂ ಕೆಲಸಕ್ಕೆ ಬರುತ್ತದೆ. ಖರ್ಚಿನ ಭಯವೋ ಮನೆಗೆ ಬೀಗ ಹಾಕುವವರಿಲ್ಲವೆಂಬ ಚಿಂತೆಯೋ ಇದ್ದರೆ ಅದಕ್ಕೆ ದಾರಿ ಹುಡುಕಬಹುದು.

ಆದರೂ ಒಪ್ಪದಿದ್ದರೆ ಎದುರಿಗೇ ಊಟ ಮಾಡಿಸಿ, ಊಟದ ನಂತರ ಮತ್ತೆ ಶುಗರ್ ನೋಡಿ. ಆ ರಾತ್ರಿ ಒಬ್ಬರು ಜೊತೆಗಿದ್ದು ಎರಡು ಗಂಟೆಗೊಮ್ಮೆ ಎಬ್ಬಿಸಿ ಪರೀಕ್ಷಿಸಬೇಕು, ಮುಂದಿನ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಸಿಬ್ಬಂದಿ ಹೇಳಿದ ಅಪಾಯ, ರೋಗಿಯ ಉತ್ತರ ಅವರದೇ ಮಾತಿನಲ್ಲಿ, ಎರಡು ಸಲದ ಬಿಪಿ-ನಾಡಿ-ಶುಗರ್, ಸಾಕ್ಷಿಯ ಸಹಿ ಇವು ದಾಖಲೆಯಲ್ಲಿರಬೇಕು. ಮತ್ತೆ ಬೆವರು ಅಥವಾ ತೊದಲು ಕಂಡರೆ ಹಿಂದೆ ಬೇಡವೆಂದಿದ್ದರೆಂದು ಸಂಕೋಚಪಡದೆ ಆಂಬುಲೆನ್ಸಿಗೆ ಮತ್ತೊಮ್ಮೆ ಕರೆ ಮಾಡಿ.