ಹಿತ್ತಿಲು–ಒಲೆ: ಒಲೆ ಹಚ್ಚದ ಹೊತ್ತಿನಲ್ಲಿ ಕ್ಯಾಂಡಿಯಲ್ಲಿ

ಹೋಳಿ ಮುಗಿದು ಯುಗಾದಿ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳ ಬಣ್ಣವೇ ಬದಲಾಗುತ್ತದೆ. ಅರ್ಧ ಜನ ಕೊತ್ತಂಬರಿ ಯಾಕೆ ಕೈಕೊಟ್ಟಿತೆಂದು ಕೇಳುತ್ತಾರೆ. ಉಳಿದವರಿಗೆ ಮಕ್ಕಳ ಪರೀಕ್ಷೆ ಮುಗಿದ ಮೇಲೆ ಎಲ್ಲಿಗೆ ಹೋಗುವುದೆಂಬ ಚಿಂತೆ. ಈ ಸಲ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕನವರೇ, ಮಾಳಿಗೆಯ ಮೇಲೆ ಕುಂಡಗಳಲ್ಲಿ ನಮ್ಮ ಹೊಲದ ಎರೆಮಣ್ಣನ್ನೇ ತುಂಬಿ ಕೊತ್ತಂಬರಿ ಹಾಕಿದ್ದೆ. ಚಳಿಗಾಲದಲ್ಲಿ ಚೆನ್ನಾಗಿ ಬಂತು. ಈಗ ಗೇಣುದ್ದ ಆಗುವ ಮೊದಲೇ ಹೂ ಬಿಡುತ್ತಿದೆ. ನೀರು ಹಾಕಿದರೆ ಕುಂಡದ ತಳದಿಂದ ಹಾಗೇ ಹರಿದು ಹೋಗುತ್ತದೆ. ಏನು ಮಾಡಲಿ?
— ನಿವೃತ್ತ ಶಿಕ್ಷಕರು, ಗದಗ

ಗುರುಗಳೇ, ತಪ್ಪು ನಿಮ್ಮದಲ್ಲ, ಕೊತ್ತಂಬರಿಯದೂ ಅಲ್ಲ. ಹಗಲು ಉದ್ದವಾಗಿ ಬಿಸಿಲು ಏರಿದ ಕೂಡಲೇ ಅದು ಎಲೆಯ ಕೆಲಸ ಬಿಟ್ಟು ಬೀಜದ ಚಿಂತೆಗೆ ಬೀಳುತ್ತದೆ. ಕಿತ್ತೆಸೆಯಬೇಡಿ. ಹಸಿರಾಗಿರುವಾಗಲೇ ನಾಲ್ಕು ಕಾಳು ಜಜ್ಜಿ ಸಾರಿಗೆ ಹಾಕಿ ನೋಡಿ, ಒಣಗಿದ ಕಾಳಿಗೆ ಆ ಪರಿಮಳ ಇರುವುದಿಲ್ಲ. ಉಳಿದದ್ದನ್ನು ಗಿಡದಲ್ಲೇ ಒಣಗಿಸಿ ಮಳೆಗಾಲ ಕಳೆದ ಮೇಲೆ ಬಿತ್ತಿ. ಬಿತ್ತುವ ಮೊದಲು ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ. ಒಂದು ಕಾಳಿನಲ್ಲಿ ಎರಡು ಬೀಜವಿರುತ್ತವೆ.

ಇನ್ನು ಮಣ್ಣು. ಎರೆ ಹೊಲದಲ್ಲಿ ಬಂಗಾರ, ಕುಂಡದಲ್ಲಿ ಪೀಡೆ. ಒಣಗಿದರೆ ಕುಗ್ಗಿ ಕುಂಡದ ಗೋಡೆಯನ್ನು ಬಿಟ್ಟು ನಿಲ್ಲುತ್ತದೆ. ನೀವು ಹಾಕಿದ ನೀರು ಆ ಸಂದಿಯಲ್ಲಿ ಇಳಿದು ಓಡುತ್ತದೆ, ಬೇರು ಬಾಯಾರಿಯೇ ಇರುತ್ತದೆ. ಒಂದು ಬುಟ್ಟಿ ಎರೆಗೆ ಒಂದು ಬುಟ್ಟಿ ಮಸಾರಿ (ಕೆಂಪು ಮಣ್ಣು), ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ. ಮೇಲೆ ಜೋಳದ ಕಣಿಕೆ ಕತ್ತರಿಸಿ ಹಾಸಿದರೆ ಮಧ್ಯಾಹ್ನದ ಬಿಸಿಲಿಗೂ ಒಳಗಿನ ತೇವ ಆರುವುದಿಲ್ಲ.

ಈಗ ಹಾಕಬೇಕಾದದ್ದು ರಾಜಗಿರಿ, ಪುಂಡಿ, ಬೆಂಡೆ, ಚವಳಿ, ಹೀರೆ. ರಾಜಗಿರಿ ತಿಂಗಳೊಳಗೆ ಕೈಗೆ ಬರುತ್ತದೆ. ಬೆಂಡೆ ಬೀಜವನ್ನು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಊರಿ. ಹೀರೆಯ ವಿಷಯದಲ್ಲಿ ಮಾತ್ರ ಒಂದು ಗುಟ್ಟಿದೆ: ಅದರ ಹೂ ಅರಳುವುದು ಸಂಜೆ, ದುಂಬಿಗಳು ಮನೆಗೆ ಹೋದ ಮೇಲೆ. ಮಾಳಿಗೆಯ ಮೇಲೆ ಕಾಯಿ ಕಚ್ಚುವುದಿಲ್ಲವೆಂದು ಕೊರಗುವವರು ದೀಪ ಹಚ್ಚುವ ಹೊತ್ತಿಗೆ ಮೇಲೆ ಹತ್ತಿ, ಒಂದು ಗಂಡು ಹೂ ಕಿತ್ತು, ಪಕಳೆ ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವೆ ಮುಟ್ಟಿಸಿ ಬರಬೇಕು. ಬುಡದಲ್ಲಿ ಎಳೆಯ ಕಾಯಿಯ ಆಕಾರವಿದ್ದರೆ ಅದು ಹೆಣ್ಣು. ನಮ್ಮ ಯಜಮಾನರು ಈ ಕೆಲಸವನ್ನು ಸಂಧ್ಯಾವಂದನೆ ಎಂದೇ ಕರೆಯುತ್ತಾರೆ.

ಪ್ರಶ್ನೆ: ಅಕ್ಕಾ, ನಾನು ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಮನೆಯಲ್ಲೇ ಜೋಳದ ರೊಟ್ಟಿ, ಎಣ್ಣೆಗಾಯಿ ಕಲಿಸುವ ತರಗತಿ ಶುರು ಮಾಡಬೇಕೆಂದಿದ್ದೇನೆ. ಒಂದು ಸಲಕ್ಕೆ ಇಪ್ಪತ್ತು ಜನರನ್ನು ತೆಗೆದುಕೊಂಡರೆ ಲಾಭವಾದೀತೇ?
— ಓದುಗ ತಂಗಿ, ಹಾವೇರಿ

ಲಾಭವಾದೀತು ತಂಗಿ, ಕಲಿಕೆ ಆಗದು. ಧಾರವಾಡದ ಮಾಳಮಡ್ಡಿಯ ನನ್ನ ಅಡುಗೆಮನೆಯಲ್ಲಿ ಆರು ಜನಕ್ಕಿಂತ ಹೆಚ್ಚು ಸೇರಿಸುವುದಿಲ್ಲ. ಇರುವುದು ಎರಡು ಹಂಚು, ಒಂದು ಹಂಚಿಗೆ ಮೂವರು. ರೊಟ್ಟಿ ಕಣ್ಣಿನಿಂದ ಬರುವ ವಿದ್ಯೆಯಲ್ಲ. ಇಪ್ಪತ್ತು ಜನ ನಿಂತು ನೋಡಿದರೆ ಹತ್ತೊಂಬತ್ತು ಜನ ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡು ಹೋಗುತ್ತಾರೆ, ಅಷ್ಟೇ.

ಮೊದಲ ತರಗತಿಯಲ್ಲಿ ಹಿಟ್ಟನ್ನು ಮಾತ್ರ ಕಲಿಸು. ಜೋಳದಲ್ಲಿ ಗೋಧಿಯ ಹಾಗೆ ಎಳೆದು ಹಿಡಿಯುವ ಗ್ಲುಟೆನ್ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿದು ನಿಲ್ಲಿಸುವುದು. ಆದ್ದರಿಂದ ಪರಾತದ ಹಿಟ್ಟಿನ ನಡುವೆ ಗುಳಿ ಮಾಡಿ, ಎಸರು ಸುರಿದು, ಮೊದಲು ಚಮಚದ ಹಿಡಿಕೆಯಿಂದ ಕಲಸಬೇಕು. ಅಂಗೈ ತಾಳುವಷ್ಟು ಬಿಸಿ ಆದ ಮೇಲೆ ಮಣಿಕಟ್ಟಿನ ಭಾರ ಹಾಕಿ ನಾದಬೇಕು. ಉಂಡೆಯನ್ನು ಒತ್ತಿದರೆ ಅಂಚು ಸೀಳಬಾರದು. ಸೀಳಿದರೆ ಒಂದೋ ನೀರು ಆರಿತ್ತು, ಇಲ್ಲವೇ ಹಿಟ್ಟು ಹಳೆಯದು. ಗಿರಣಿಯಿಂದ ಬಂದು ವಾರ ಕಳೆದ ಹಿಟ್ಟನ್ನು ಕಲಿಯುವವರ ಕೈಗೆ ಕೊಡಬೇಡ. ಅವರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಜೋಳ ಹಿಂಗಾರಿಯ ಮಾಲದಂಡಿ ಆಗಿದ್ದರೆ ಅರ್ಧ ಗೆದ್ದಂತೆ.

ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ನನ್ನ ತರಗತಿಗೆ ಬಂದಿದ್ದರು. ಬಡಿಯುವಾಗ ರೊಟ್ಟಿ ತಾನಾಗಿ ತಿರುಗಬೇಕು, ನಾವು ಅದರ ಸುತ್ತ ತಿರುಗಬಾರದು ಎಂದು ಎಷ್ಟು ಹೇಳಿದರೂ ಪರಾತದ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಏಳು ರೊಟ್ಟಿ ಹರಿದವು. ಎಂಟನೆಯದು ಹಂಚಿನ ಮೇಲೆ ಉಬ್ಬಿದಾಗ ಅದನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಮನೆಗೆ ಒಯ್ದರು. ಇಪ್ಪತ್ತು ಜನರ ನಡುವೆ ಅವರಿಗೆ ಎಂಟನೆಯ ರೊಟ್ಟಿಯ ಪಾಳಿ ಬರುತ್ತಿರಲಿಲ್ಲ.

ಶುಲ್ಕವನ್ನು ಸಾಮಾನು, ಗ್ಯಾಸು, ಪಾತ್ರೆ ತೊಳೆಯುವವರ ಕೂಲಿ, ನಿನ್ನ ನಾಲ್ಕು ತಾಸು ಎಲ್ಲ ಕೂಡಿಸಿ ನಿರ್ಧರಿಸು. ಹೆಣ್ಣುಮಕ್ಕಳು ಕೊನೆಯದನ್ನು ಕೂಡಿಸುವುದೇ ಇಲ್ಲ. ಮುಂದೆ ಶೇಂಗಾ ಚಟ್ನಿಪುಡಿ, ಬ್ಯಾಡಗಿ ಖಾರ ಮಾರುವ ಮನಸ್ಸಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿಕೊಂಡೇ ಮಾರು.

ಪ್ರಶ್ನೆ: ವೈನಿಯವರೇ, ನಾವು ಭಜನಾ ಮಂಡಳಿಯ ಹದಿನಾಲ್ಕು ಜನ. ಎಲ್ಲರೂ ಸಸ್ಯಾಹಾರಿಗಳು. ಸೀರೆ ಅಂಗಡಿ ಸುತ್ತುವ ಪ್ರವಾಸ ಸಾಕಾಗಿದೆ. ಏಪ್ರಿಲ್ ಎರಡನೇ ವಾರ ಶ್ರೀಲಂಕಾಕ್ಕೆ ಹೋಗಿ ಅಲ್ಲಿಯ ಅಡುಗೆ ನೋಡಿ, ಮಾಡಿ ಬರಬೇಕೆಂದಿದ್ದೇವೆ. ಹೇಗೆ ಯೋಜಿಸುವುದು?
— ವಿದ್ಯಾನಗರ, ಹುಬ್ಬಳ್ಳಿ

ದೇಶ ಸರಿ, ಜನ ಹೆಚ್ಚು, ತಿಥಿ ಪೂರಾ ತಪ್ಪು. ತಪ್ಪೆಂದು ನನಗೆ ಗೊತ್ತಿರುವುದು ನಾನೇ ಅದನ್ನು ಮಾಡಿದ್ದರಿಂದ. ಮೊದಲ ಸಲ ಗುಂಪು ಕಟ್ಟಿಕೊಂಡು ಹೊರಟಾಗ ಏಪ್ರಿಲ್ 13ರಂದು ಕ್ಯಾಂಡಿ ಮುಟ್ಟಿದೆವು. ಏಪ್ರಿಲ್ 13, 14 ಸಿಂಹಳೀಯರ ಮತ್ತು ತಮಿಳರ ಹೊಸ ವರ್ಷ. ಅಂಗಡಿಗಳು ಬಾಗಿಲು ಹಾಕಿದ್ದವು, ಅಡುಗೆ ಕಲಿಸಬೇಕಾದವರು ತಮ್ಮ ಊರಿಗೆ ಹೋಗಿದ್ದರು. ಹಳೆಯ ವರ್ಷ ಮುಗಿದು ಹೊಸದು ನೆಲೆಯಾಗುವ ನಡುವಿನ ಕೆಲವು ತಾಸು ಸಿಂಹಳೀಯರ ಮನೆಗಳಲ್ಲಿ ಒಲೆಯನ್ನೇ ಹಚ್ಚುವುದಿಲ್ಲ. ಅಡುಗೆ ನೋಡಲೆಂದು ಸಮುದ್ರ ದಾಟಿ ಹೋದವರು ನಾವು, ಇಡೀ ಊರಿನ ಒಲೆ ತಣ್ಣಗೆ! ಧಾರವಾಡದ ಅವಲಕ್ಕಿ ನಮ್ಮ ಮಾನ ಉಳಿಸಿತು.

ಆದರೆ ಮರುದಿನ ತಂಗಿದ್ದ ಮನೆಯವರು ನಮ್ಮನ್ನು ಒಳಗೆ ಕರೆದರು. ಮುಹೂರ್ತಕ್ಕೆ ಒಲೆ ಹಚ್ಚಿ, ಹೊಸ ಮಡಕೆಯಲ್ಲಿ ಹಾಲಿಟ್ಟು ಉಕ್ಕಿಸಿದರು. ನಮ್ಮ ಗೃಹಪ್ರವೇಶದ ಹಾಗೇ. ಆಮೇಲೆ ಕಿರಿಬತ್: ತೆಂಗಿನಹಾಲಿನಲ್ಲಿ ಬೆಂದ ಅನ್ನವನ್ನು ತಟ್ಟೆಯಲ್ಲಿ ಒತ್ತಿ, ಬರ್ಫಿಯಂತೆ ಓರೆಯಾಗಿ ಕೊಯ್ದು ಕೊಡುತ್ತಾರೆ. ಕಿರಿ ಎಂದರೆ ಹಾಲು, ಬತ್ ಎಂದರೆ ಅನ್ನ. ನಮ್ಮ ಬಿಸಿಬೇಳೆ ಬಾತಿನ ಬಾತ್ ಅದರ ಹತ್ತಿರದ ನೆಂಟ. ಇದು ನಮ್ಮ ಅದೃಷ್ಟ, ನಿಮಗೂ ಸಿಗುತ್ತದೆಂದು ನಾನು ಹೊಣೆ ಹೊರಲಾರೆ. ಫೆಬ್ರವರಿಯಲ್ಲಿ ಹೋಗಿ. ಕ್ಯಾಂಡಿಗೂ ದಕ್ಷಿಣ ಕರಾವಳಿಗೂ ಆಗ ಹವೆ ಚೆನ್ನಾಗಿರುತ್ತದೆ.

ಹದಿನಾಲ್ಕನ್ನು ಏಳು ಏಳು ಮಾಡಿ, ಎರಡು ಸಲ ಹೋಗಿ. ಏಳು ಜನಕ್ಕೆ ಒಂದು ವ್ಯಾನು ಸಾಕು, ಒಬ್ಬರ ಮನೆಯ ಅಡುಗೆಕೋಣೆಯೂ ಸಾಕು. ಒಂದೇ ಊರಿನಲ್ಲಿ ಮೂರು ರಾತ್ರಿ ಇರಿ. ಬೆಳಿಗ್ಗೆ ಸಂತೆ, ಮಧ್ಯಾಹ್ನಕ್ಕೆ ಆ ಸಂತೆಯಿಂದಲೇ ಅಡುಗೆ, ಸಂಜೆ ಏನೂ ಬೇಡ. ದಕ್ಷಿಣ ಕರಾವಳಿಯಲ್ಲಿ ದಾಲ್ಚಿನ್ನಿ ಸುಲಿಯುವುದನ್ನು ನೋಡಲು ಅರ್ಧ ದಿನ ಎತ್ತಿಡಿ. ಸುಲಿದ ಪದರುಗಳು ಕಾಗದದಷ್ಟು ತೆಳ್ಳಗೆ, ಒಂದರೊಳಗೊಂದು ಸುರುಳಿ ಸುತ್ತಿಕೊಂಡಿರುತ್ತವೆ. ನಮ್ಮ ಅಂಗಡಿಯ ದಪ್ಪ ಚಕ್ಕೆ ಸಾಮಾನ್ಯವಾಗಿ ಅದರ ದಾಯಾದಿ ಕ್ಯಾಸಿಯಾ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಅಲ್ಲಿ ಉಂಬಲಕಡ ಎಂಬ ಒಣಮೀನು ಇದೆ, ನೋಡಲು ಕಟ್ಟಿಗೆಯ ಚೂರು. ಕುಟ್ಟಿ ಸಂಬೋಲವೆಂಬ ತೆಂಗಿನ ಹಸಿ ಚಟ್ನಿಯಲ್ಲಿ, ಸೊಪ್ಪಿನ ಪಲ್ಯದಲ್ಲಿ, ಕೆಲವೊಮ್ಮೆ ಬೇಳೆಯಲ್ಲೂ ಹಾಕುತ್ತಾರೆ. ಮಾಂಸ ಬೇಡವೆಂದರೆ ಸಾಲದು, "ಉಂಬಲಕಡ ಎಪಾ" ಎನ್ನಿ. ಎಪಾ ಎಂದರೆ ಬೇಡ.

ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಬೇಕಾಗಿಲ್ಲ, ಸೇವಾ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ. ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ. ಪ್ರವೇಶದ ಪರವಾನಗಿಯ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ವಾರ ಆ ಸರ್ಕಾರದ ಜಾಲತಾಣವನ್ನೇ ನೋಡಿ. ಪ್ಯಾಕೇಜ್ ಕೊಂಡರೆ ಮೂಲದಲ್ಲೇ ತೆರಿಗೆ ಹಿಡಿಯುತ್ತಾರೆ. ರಸೀದಿ ಇಟ್ಟುಕೊಂಡು ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತನ್ನಿ.

ಹೊರಡುವ ಮೊದಲು ಒಂದು ಶನಿವಾರ ನನ್ನಲ್ಲಿಗೆ ಬನ್ನಿ. ಅಲ್ಲಿಯ ಗೊಟುಕೊಲ ಎಂದರೆ ನಮ್ಮ ಒಂದೆಲಗ. ನನ್ನ ಹಿತ್ತಿಲ ನಲ್ಲಿಯ ಬುಡದಲ್ಲಿ ಹಬ್ಬಿದೆ. ಸಣ್ಣಗೆ ಹೆಚ್ಚಿ, ಹಸಿ ತೆಂಗು, ಉಳ್ಳಾಗಡ್ಡಿ, ನಿಂಬೆರಸ ಬೆರೆಸಿದರೆ ಸಂಬೋಲ. ಒಮ್ಮೆ ಕೈಯಾರೆ ಮಾಡಿದವರು ಅಲ್ಲಿ ಹೋಗಿ ಸರಿಯಾದ ಪ್ರಶ್ನೆ ಕೇಳುತ್ತಾರೆ.

ಪ್ರಶ್ನೆ: ವಿಮಾನದಲ್ಲಿ ಕಡಕ್ ರೊಟ್ಟಿ, ಚಟ್ನಿಪುಡಿ ಒಯ್ಯಬಹುದೇ?
— ಕೇಶ್ವಾಪುರ, ಹುಬ್ಬಳ್ಳಿ

ರೊಟ್ಟಿ ಕೈಚೀಲದಲ್ಲಿ ಇರಲಿ. ಖಾರದ ಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಗೆ ಹಾಕಿ. ಒಣಕೊಬ್ಬರಿ ಗಿಟಕು ಪೆಟ್ಟಿಗೆಯಲ್ಲೂ ಬೇಡ, ಎಣ್ಣೆಯಿಂದಾಗಿ ಬೆಂಕಿ ಹಿಡಿದೀತೆಂದು ತೆಗೆಸುತ್ತಾರೆ. ಆದರೆ ಅಡುಗೆ ನೋಡಲು ಹೋಗುವವರು ಹದಿನೈದು ದಿನದ ರೊಟ್ಟಿ ಕಟ್ಟಿಕೊಳ್ಳುವುದು ಮದುವೆ ಊಟಕ್ಕೆ ಬುತ್ತಿ ಒಯ್ದಂತೆ. ಎರಡು ದಿನಕ್ಕಾಗುವಷ್ಟು ಸಾಕು, ನಮ್ಮ ಅವಲಕ್ಕಿಯ ಕತೆ ನೆನಪಿರಲಿ.

ಒಂದೆಲಗದ ಬಳ್ಳಿ ಬೇಕಾದವರು ಶನಿವಾರ ಹತ್ತು ಗಂಟೆಯೊಳಗೆ ಒದ್ದೆ ಬಟ್ಟೆ ಹಿಡಿದು ಬನ್ನಿ. ಬಿಸಿಲೇರಿದ ಮೇಲೆ ಕಿತ್ತರೆ ಹಿಡಿಯುವುದಿಲ್ಲ.