ಇಬ್ಬರ ಹತ್ತಿರ ಮಾತು ತಗೊಳ್ಳಿ

ಹೊರದೇಶಕ್ಕೆ ಬಂದು ಮೂರು ತಿಂಗಳಾಯ್ತು, ಇಲ್ಲಿ ಎಲ್ಲಕ್ಕಿಂತ ಕಷ್ಟ ಯಾವುದು ಅಂತ ಕೇಳಿದ್ದೀರಿ. ಕೆಲಸ, ಮನೆ, ಭಾಷೆ ಎಲ್ಲ ಒಂದೆರಡು ವರ್ಷದಲ್ಲಿ ರೂಢಿಯಾಗುತ್ತದೆ. ಊರಿನ ಮನೆಯ ನಿಜವಾದ ಸುದ್ದಿ ಗೊತ್ತಾಗದಿರುವುದೇ ಕಷ್ಟ. ನಾನು ನನ್ನ ಭಾವನ ವಿಷಯ ಹೇಳುತ್ತೇನೆ, ಅಕ್ಕನ ಗಂಡ.

ದೂರ ಇರುವವರಿಗೆ ಮನೆಯವರು ಕೆಟ್ಟ ಸುದ್ದಿ ಹೇಳುವುದಿಲ್ಲ. ಗಾಬರಿಯಾಗುತ್ತಾರೆ ಅಂತ ಮುಚ್ಚಿಡುತ್ತಾರೆ. ಅಪ್ಪ ಆಸ್ಪತ್ರೆ ಸೇರಿದಾಗ ಎಲ್ಲರೂ ಗ್ಯಾಸ್ ಅಂದರು. ಭಾವ ಮಾತ್ರ ಹೊರಗೆ ಬಂದು ಫೋನ್ ಮಾಡಿದರು. "ಮಾವನಿಗೆ ಹಾರ್ಟ್ ಅಟ್ಯಾಕ್. ಸ್ಟೆಂಟ್ ಹಾಕಿದ್ದಾರೆ. ಈಗ ಮಾತಾಡ್ತಿದ್ದಾರೆ, ಮುಂದಿನ ತಿಂಗಳು ಬಂದ್ರೆ ಸಾಕು." ಅವರು ಸಾಕು ಅಂದರೆ ನನಗೆ ನಿದ್ದೆ ಬರುತ್ತಿತ್ತು. 14 ವರ್ಷ ಹೀಗೇ ನಡೆಯಿತು.

ಭಾವನೇ ಹಾಸಿಗೆ ಹಿಡಿದಾಗ ನಿಜ ಹೇಳುವವರು ಯಾರೂ ಇರಲಿಲ್ಲ. ಬೆನ್ನು ನೋವು ಅಂದರು. ಇಳಿದುಹೋಗಿದ್ದೀರಲ್ಲ ಅಂದರೆ, ಹೊಸದಾಗಿ ಶುಗರ್ ಬಂದಿದೆ, ಊಟ ಕಡಿಮೆ ಮಾಡಿದ್ದೀನಿ ಅಂದರು. ಆಮೇಲೆ ವಿಡಿಯೊ ಕಾಲ್ ನಿಂತಿತು, ಬರೀ ಮಾತು. ಕಣ್ಣು ಹಳದಿಯಾಗಿದ್ದು ನನಗೆ ಕಾಣಬಾರದು ಅಂತ. ಅದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಆ ಗ್ರಂಥಿ ಜಠರದ ಹಿಂದೆ ಅಡಗಿರುತ್ತದೆ. ಶುರುವಿನಲ್ಲಿ ಸಾಮಾನ್ಯವಾಗಿ ಲಕ್ಷಣವೇ ಇರುವುದಿಲ್ಲ, ಗೊತ್ತಾಗುವಷ್ಟರಲ್ಲಿ ಎಷ್ಟೋ ಜನರಿಗೆ ಹರಡಿಬಿಟ್ಟಿರುತ್ತದೆ. ಭಾವನಿಗೂ ಲಿವರ್‌ಗೆ ಹೋಗಿತ್ತು. ಆಪರೇಷನ್ ಮಾಡುವ ಹಾಗಿರಲಿಲ್ಲ.

ಕೊನೆಗೆ ಅಕ್ಕ ಅತ್ತುಕೊಂಡು ಹೇಳಿದಳು. ಆಫೀಸಿನ ರಜೆಯ ನಿಯಮದಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರು ಇದ್ದರು. ಭಾವ ಇರಲಿಲ್ಲ. ಸಂಬಳ ಬಿಟ್ಟು ಹೋದೆ. 11 ದಿನ ಜೊತೆಗಿದ್ದೆ, ಅವರು ಮಾತಾಡಿದ್ದು ಮೊದಲ 4 ದಿನ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಹೇಳಿದ್ರೆ ನೀನು ಬಂದ್ಬಿಡ್ತಿದ್ದೆ" ಅಂದರು. ಬರಲಿ ಅಂತಲೇ ಅಲ್ವಾ ಭಾವ ಹೇಳೋದು, ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಈಗಲೇ, ಎಲ್ಲರೂ ಚೆನ್ನಾಗಿರುವಾಗಲೇ, ಮನೆಯಲ್ಲಿ ಇಬ್ಬರ ಹತ್ತಿರ ನಿಜ ಹೇಳುವ ಮಾತು ತಗೊಳ್ಳಿ. ಒಬ್ಬರು ಸಾಲದು, ಆ ಒಬ್ಬರೇ ಹಾಸಿಗೆ ಹಿಡಿಯಬಹುದು. ಪಾಸ್‌ಪೋರ್ಟ್, ವೀಸಾ ಅವಧಿ ಮುಗಿಯಲು ಬಿಡಬೇಡಿ. ಟಿಕೆಟ್‌ಗೆ ಅಂತ ಇಟ್ಟ ದುಡ್ಡು ಮುಟ್ಟಬೇಡಿ. ಸುದ್ದಿ ಬಂದರೆ ರಜೆಯನ್ನು ಕೊನೆಗೆ ಅಂತ ಉಳಿಸಿಕೊಳ್ಳಬೇಡಿ, ಅವರಿಗೆ ಮಾತಾಡಲು ಶಕ್ತಿ ಇರುವಾಗಲೇ ಹೋಗಿ. ನನಗೆ ಇನ್ನೊಂದು ತಿಂಗಳು ಸಿಗಬೇಕಿತ್ತು.

ಈಗ ಆ ಕೆಲಸ ಅಕ್ಕನ ಮಗಳದು. ಹೋದ ವಾರ ಫೋನ್ ಮಾಡಿದ್ದಳು. "ಅಜ್ಜಿಗೆ ಬಿಪಿ ಜಾಸ್ತಿಯಾಗಿದೆ. ಮಾತ್ರೆ ಬದಲಾಯಿಸಿದ್ದಾರೆ. ಈಗ ಮಲಗಿದ್ದಾರೆ, ನೀವೂ ಮಲಗಿ." ಭಾವನ ಹಾಗೆಯೇ ವಿಷಯ ಮೊದಲು, ಸಮಾಧಾನ ಆಮೇಲೆ.