ಒನ್ ವರ್ಡ್ ಸಬ್‌ಸ್ಟಿಟ್ಯೂಷನ್‌ಗೆ (ಉದ್ದನೆಯ ವಾಕ್ಯಕ್ಕೆ ಬದಲು ಒಂದೇ ಇಂಗ್ಲಿಷ್ ಪದ ಹೇಳುವ ಪ್ರಶ್ನೆ) ದಿನಕ್ಕೆ 50 ಪದ ಬಾಯಿಪಾಠ ಮಾಡುತ್ತಿದ್ದೇನೆ, ಒಂದೂ ನಿಲ್ಲುತ್ತಿಲ್ಲ. ಯಾವ ಪುಸ್ತಕ ಒಳ್ಳೆಯದು?

ಕನ್ನಡ ಮೀಡಿಯಂ, ಎಸ್‌ಎಸ್‌ಸಿ ಸಿಜಿಎಲ್ (ಕೇಂದ್ರ ಸರ್ಕಾರದ ಪದವಿ ಮಟ್ಟದ ನೌಕರಿ ಪರೀಕ್ಷೆ) ತಯಾರಿ, ಜೊತೆಗೆ ಎಫ್‌ಡಿಎ (ರಾಜ್ಯ ಸರ್ಕಾರದ ಪ್ರಥಮ ದರ್ಜೆ ಸಹಾಯಕ ಹುದ್ದೆ) ಮೇಲೂ ಒಂದು ಕಣ್ಣು, ರಾತ್ರಿ ಓದಿದ್ದು ಬೆಳಿಗ್ಗೆ ಮಾಯ ಅಂತ ಬರೆದಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ಊರಿನ ಹೆಸರು ಬದಲಾಯಿಸಿದರೆ ಅದು ನನ್ನದೇ ಕಥೆ. ಪುಸ್ತಕದ ಹೆಸರು ಮಾತ್ರ ಹೇಳಲ್ಲ. ಯಾವ ಪುಸ್ತಕ ತಗೊಂಡರೂ ಪಟ್ಟಿ ಹೆಚ್ಚೂಕಡಿಮೆ ಅದೇ.

ನಮ್ಮದು ಹಾವೇರಿ ಕಡೆ ಹಳ್ಳಿ. ಡಿಗ್ರಿ ಮುಗಿಸಿ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡಿದ್ದೆ. ಒನ್ ವರ್ಡ್ ಪಟ್ಟಿ ನೋಡಿದಾಗ ಖುಷಿಯಾಗಿತ್ತು. ಗ್ರಾಮರ್ ತಲೆಗೆ ಹತ್ತದವನಿಗೆ ಬರೀ ಬಾಯಿಪಾಠದಿಂದ ಮಾರ್ಕ್ಸ್ ಬರುತ್ತೆ ಅಂದರೆ ಇನ್ನೇನು ಬೇಕು? ಎಡಗಡೆ ಉದ್ದನೆಯ ವಾಕ್ಯ, ಬಲಗಡೆ ಒಂದು ಪದ. ಆ ಉದ್ದನೆಯದನ್ನು ಬರೆಯಲು ನನಗೆ ಬೇಜಾರು. ಹಾಗಾಗಿ 'ಶಾರ್ಟ್ ನೋಟ್ಸ್' ಮಾಡಿದೆ. ಪದ ಬರೆದು, ಮುಂದೆ ಕನ್ನಡದಲ್ಲಿ ಒಂದೇ ಒಂದು ಅರ್ಥ ಹಾಕುವುದು. ನನ್ನನ್ನು ಮುಳುಗಿಸಿದ್ದು ಇದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಿಸಾಂತ್ರೋಪ್ ಅಂದರೆ ಮನುಷ್ಯಕುಲವನ್ನೇ ಕಂಡರೆ ಆಗದವನು. ಮಿಸಾಜಿನಿಸ್ಟ್ ಅಂದರೆ ಹೆಂಗಸರನ್ನು ಕಂಡರೆ ಆಗದವನು. ಮಿಸಾಗಮಿಸ್ಟ್ ಅಂದರೆ ಮದುವೆ ಅನ್ನುವುದನ್ನೇ ದ್ವೇಷಿಸುವವನು. ನನ್ನ ನೋಟ್‌ಬುಕ್‌ನಲ್ಲಿ ಮೂರರ ಮುಂದೆಯೂ 'ದ್ವೇಷಿ' ಅಂತಿತ್ತು. ಇಮಿಗ್ರಂಟ್, ಎಮಿಗ್ರಂಟ್ ಎರಡಕ್ಕೂ 'ವಲಸೆಗಾರ'. ಒಬ್ಬ ದೇಶದೊಳಗೆ ಬರುತ್ತಾನೆ, ಇನ್ನೊಬ್ಬ ದೇಶ ಬಿಟ್ಟು ಹೋಗುತ್ತಾನೆ ಅನ್ನುವ ಮುಖ್ಯ ವಿಷಯವೇ ಮಾಯ. ಪರೀಕ್ಷೆಯವರು ಆಪ್ಷನ್ ಕೊಡುವುದು ಹೇಗೆ ಅಂದುಕೊಂಡಿರಿ? ಮಿಸಾಂತ್ರೋಪ್ ಪಕ್ಕದಲ್ಲಿ ಕಪ್ಪೆ, ಕುರ್ಚಿ, ಆಕಾಶ ಇಡಲ್ಲ. ಅದರ ಅಣ್ಣತಮ್ಮಂದಿರನ್ನೇ ಸಾಲಾಗಿ ಕೂರಿಸುತ್ತಾರೆ. ನಾಲ್ಕೂ ಗೊತ್ತಿರುವ ಮುಖ, ಯಾರು ಯಾರೋ ಗೊತ್ತಿಲ್ಲ. ಸಿಜಿಎಲ್‌ನ ಮೊದಲ ಹಂತ, ಅಂದರೆ ಟಿಯರ್ 1ರಲ್ಲಿ ಸರಿ ಉತ್ತರಕ್ಕೆ 2 ಅಂಕ, ತಪ್ಪಿಗೆ 0.50 ಕಡಿತ. 'ಇದು ನಂಗೆ ಗೊತ್ತು' ಅನ್ನುವ ಧೈರ್ಯದಲ್ಲಿ ಹಾಕಿದ್ದೆಲ್ಲ ತಪ್ಪು. ಗೊತ್ತಿಲ್ಲದಿದ್ದರೆ ಬಿಟ್ಟಾದರೂ ಬರುತ್ತಿದ್ದೆ.

ಪರೀಕ್ಷೆ ಹೋಯಿತು, ಸರಿ. ಆಮೇಲೆ ಹುಬ್ಬಳ್ಳಿಯಲ್ಲಿ ಒಂದು ಫೈನಾನ್ಸ್ ಕಂಪನಿಯ ಇಂಟರ್‌ವ್ಯೂಗೆ ಹೋದೆ. ಮನೆಯ ಬಗ್ಗೆ ಹೇಳಿ ಅಂದರು. ಅಪ್ಪ ರೈತ ಅಂದೆ. ಅಲ್ಲಿಗೆ ಸುಮ್ನಿರಬೇಕಿತ್ತು. ಕಲಿತ ಪದ ಬಳಸುವ ಚಪಲ. 'ಮೈ ಫಾದರ್ ಈಸ್ ಎ ಸ್ಪೆಂಡ್‌ಥ್ರಿಫ್ಟ್, ಸರ್. ಬಿಕಾಸ್ ಆಫ್ ದಟ್ ಐ ಕುಡ್ ಸ್ಟಡಿ' ಅಂದೆ. ಎದುರಿಗಿದ್ದ ಮೇಡಂ ಪೆನ್ನು ಕೆಳಗಿಟ್ಟು, 'ಯಾವುದಕ್ಕೆ ಅಷ್ಟೊಂದು ಖರ್ಚು ಮಾಡ್ತಾರೆ?' ಅಂತ ಕನ್ನಡದಲ್ಲೇ ಕೇಳಿದರು. 'ಇಲ್ಲ ಮೇಡಂ, ಒಂದು ರೂಪಾಯಿನೂ ಬಿಚ್ಚಲ್ಲ' ಅಂದೆ ನಾನು, ಹೆಮ್ಮೆಯಿಂದ! ಅವರು ನಕ್ಕರು, ಪಕ್ಕದವರೂ ನಕ್ಕರು. ಹೊರಗೆ ಬಂದು ಡಿಕ್ಷನರಿ ನೋಡಿದ ಮೇಲೆ ಗೊತ್ತಾಯಿತು, ಜೀವನಪೂರ್ತಿ ಪೈಸೆಗೆ ಪೈಸೆ ಕೂಡಿಸಿದ ಮನುಷ್ಯನನ್ನು ದುಂದುಗಾರ ಅಂದು ಬಂದಿದ್ದೆ. ಕೆಲಸ ಸಿಗಲಿಲ್ಲ.

ರೂಮಿಗೆ ಬಂದು ನೋಟ್ಸ್ ತೆಗೆದೆ. 'ಥ್ರಿಫ್ಟ್ – ಉಳಿತಾಯ'. ಅದರ ಕೆಳಗೆ 'ಸ್ಪೆಂಡ್‌ಥ್ರಿಫ್ಟ್ – ಖರ್ಚು, ಉಳಿತಾಯ'. ಖರ್ಚಿನಲ್ಲಿ ಉಳಿಸುವವನು ಅಂತ ನನ್ನ ತಲೆ ಸೇರಿಸಿಕೊಂಡಿತ್ತು. ಪುಸ್ತಕದಲ್ಲಿದ್ದ ಪೂರ್ತಿ ವಾಕ್ಯವನ್ನು, ಅಂದರೆ 'ಲೆಕ್ಕವಿಲ್ಲದೆ ಹಣ ಖರ್ಚು ಮಾಡುವವನು' ಅನ್ನುವುದನ್ನು, ಬರೆದುಕೊಂಡಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಇದರ ಹಿಂದೆ ಒಂದು ಮಜಾ ಇದೆ. ನಮ್ಮ ಕ್ರಿಯಾಸಮಾಸ ನೆನಪಿದೆಯಾ? ಕೈಹಿಡಿ, ಕಣ್ತೆರೆ, ಮೈದೊಳೆ. ವಸ್ತು ಮೊದಲು, ಕ್ರಿಯೆ ಆಮೇಲೆ. ಇಂಗ್ಲಿಷಿನಲ್ಲಿ ಕೆಲವು ಜೋಡಿಪದ ಉಲ್ಟಾ. ಪಿಕ್‌ಪಾಕೆಟ್, ಸ್ಕೇರ್‌ಕ್ರೋ, ಟರ್ನ್‌ಕೋಟ್, ಕಿಲ್‌ಜಾಯ್. ಮೊದಲು ಕ್ರಿಯೆ, ಆಮೇಲೆ ವಸ್ತು. ಜೇಬು ಹೊಡೆಯುವವನು, ಕಾಗೆ ಹೆದರಿಸುವ ಬೆದರುಬೊಂಬೆ, ಪಕ್ಷ ಬದಲಿಸುವವನು, ಖುಷಿ ಹಾಳು ಮಾಡುವವನು. ಸ್ಪೆಂಡ್‌ಥ್ರಿಫ್ಟ್ ಕೂಡ ಇದೇ ಜಾತಿ, ಕೂಡಿಟ್ಟದ್ದನ್ನು ಖರ್ಚು ಮಾಡುವವನು. ಹಿಂದಿನಿಂದ ಓದಿದರೆ ತಾನಾಗಿ ಬಿಚ್ಚಿಕೊಳ್ಳುತ್ತೆ.

ಆಗ ಹೊಳೆದಿದ್ದು ಇನ್ನೊಂದು. ಹೈಸ್ಕೂಲಿನಲ್ಲಿ ಬಹುವ್ರೀಹಿ ಸಮಾಸ ಬಿಡಿಸಿದ್ದೀರಿ ಅಲ್ವಾ? ಮೂರು ಕಣ್ಣು ಉಳ್ಳವನು ಯಾವನೋ ಅವನೇ ಮುಕ್ಕಣ್ಣ. ಒನ್ ವರ್ಡ್ ಸಬ್‌ಸ್ಟಿಟ್ಯೂಷನ್ ಅಂದರೆ ಇದೇ! ವಿಗ್ರಹವಾಕ್ಯ ಕೊಟ್ಟು ಪದ ಕೇಳುತ್ತಾರೆ, ಅಷ್ಟೆ. ನಾವು ಇದನ್ನು ಮಾಡಿ ಮಾಡಿ ಬಂದವರು. ಕನ್ನಡ ಮೀಡಿಯಂ ಅಂತ ನೀವು ಕ್ಷಮೆ ಕೇಳುವ ಧಾಟಿಯಲ್ಲಿ ಬರೆದಿದ್ದೀರಿ, ನನಗೆ ಅದೇ ಸರಿ ಕಾಣಲಿಲ್ಲ. ಓಮ್ನಿ ಅಂದರೆ 'ಸರ್ವ'. ಓಮ್ನಿಪೊಟೆಂಟ್ ಸರ್ವಶಕ್ತ, ಓಮ್ನಿಪ್ರೆಸೆಂಟ್ ಸರ್ವವ್ಯಾಪಿ. ಓಮ್ನಿಸಿಯೆಂಟ್ ಅಂದರೆ ನಮ್ಮ ತ್ರಿಪದಿಯ ಸರ್ವಜ್ಞನ ಹೆಸರೇ. ಇದಕ್ಕೆ ಬಾಯಿಪಾಠ ಯಾಕೆ?

ನಮ್ಮ ಮನೆಯಲ್ಲಿ ಗೋವಿನಜೋಳಕ್ಕೆ ಕಳೆನಾಶಕ ಹೊಡೆಯುತ್ತೇವೆ. ಬಾಟಲಿ ಮೇಲೆ ಹರ್ಬಿಸೈಡ್ ಅಂತ ಇರುತ್ತೆ. ಹುಳಕ್ಕೆ ಇನ್ಸೆಕ್ಟಿಸೈಡ್, ಬೂಷ್ಟು ರೋಗಕ್ಕೆ ಫಂಗಿಸೈಡ್. ಆ 'ಸೈಡ್' ಲ್ಯಾಟಿನ್‌ನ ಕೊಲ್ಲು ಅನ್ನುವ ಧಾತುವಿನಿಂದ ಬಂದಿದ್ದು. ಸೂಸೈಡ್, ಹೋಮಿಸೈಡ್ ನಿಮಗೇ ಗೊತ್ತು. ರಾಜನನ್ನು ಕೊಂದರೆ ರೆಜಿಸೈಡ್. ತಾಯಿ, ತಂದೆ, ಸೋದರ ಆದರೆ ಮ್ಯಾಟ್ರಿಸೈಡ್, ಪ್ಯಾಟ್ರಿಸೈಡ್, ಫ್ರಾಟ್ರಿಸೈಡ್. ಲ್ಯಾಟಿನ್‌ನ ಮಾತೆರ್, ಪಾತೆರ್, ಫ್ರಾತೆರ್ ನಮಗೆ ಗೊತ್ತಿರುವ ಸಂಸ್ಕೃತದ ಮಾತೃ, ಪಿತೃ, ಭ್ರಾತೃಗಳ ದಾಯಾದಿಗಳು. ಜೆನೊಸೈಡ್ ಅನ್ನುವುದನ್ನು ರಫಾಯೆಲ್ ಲೆಮ್ಕಿನ್ ಅನ್ನುವ ಪೋಲೆಂಡಿನ ವಕೀಲರು ಟಂಕಿಸಿದರು, 1944ರಲ್ಲಿ ಅವರ ಪುಸ್ತಕದಲ್ಲಿ ಅಚ್ಚಾಯಿತು. ಒಂದು ಇಡೀ ಜನಾಂಗವನ್ನು ಅಳಿಸುವ ಕೆಲಸಕ್ಕೆ ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಇಂಥ ಒಂದು ಹೆಸರಿರಲಿಲ್ಲ. ಇಷ್ಟು ತಿಳಿದ ಮೇಲೆ ಆ ಪದ ಮರೆಯಿರಿ ನೋಡೋಣ.

ಹೀಗೆ ಬೇರು ಹಿಡಿದು ಗುಂಪು ಗುಂಪಾಗಿ ಓದಿ. ಎ ಟು ಝಡ್ ಓದಬೇಡಿ. ಗುಂಪಿನ ಒಳಗೆ ಯಾವುದಕ್ಕೂ ಯಾವುದಕ್ಕೂ ಏನು ವ್ಯತ್ಯಾಸ ಅನ್ನುವುದನ್ನೇ ಬರೆದಿಡಿ. ಎಂಟಮಾಲಜಿಸ್ಟ್ ಕೀಟಗಳ ಹಿಂದೆ, ಎಟಿಮಾಲಜಿಸ್ಟ್ ಪದಗಳ ಹುಟ್ಟಿನ ಹಿಂದೆ. ಆರ್ನಿಥಾಲಜಿಸ್ಟ್, ಅಂದರೆ ಪಕ್ಷಿತಜ್ಞ, ಅದರ ಮುಂದೆ ಸಲೀಂ ಅಲಿ ಅಂತ ಬರೆಯಿರಿ, ಅವರ ಒತ್ತಾಯದಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಗಿದ್ದು. ಪೋಸ್ಟುಮಸ್ ಮುಂದೆ ಪುನೀತ್ ರಾಜ್‌ಕುಮಾರ್ ಅಂತ ಬರೆದಿದ್ದೆ, 2022ರ ನವೆಂಬರ್ 1ರಂದು ಅವರಿಗೆ ಕೊಟ್ಟ ಕರ್ನಾಟಕ ರತ್ನ ಮರಣೋತ್ತರ. ಸುಮ್ನೆ 'ಸತ್ತ ಮೇಲೆ' ಅಂತ ಬರೆದಿದ್ದರೆ ಪೋಸ್ಟ್‌ಮಾರ್ಟಂ ಜೊತೆ ಕಲಸಿಹೋಗುತ್ತಿತ್ತು. ಯುನಾನಿಮಸ್ ಅಂದರೆ ಸರ್ವಾನುಮತ. ಪಂಚಾಯಿತಿಯಲ್ಲಿ ಎದುರಾಳಿಯೇ ಇಲ್ಲದೆ ಗೆಲ್ಲುವ ಅವಿರೋಧ ಆಯ್ಕೆ ಬೇರೆ. ಪೇಪರ್ ಓದುವಾಗ ಇಂಥವು ಸಿಕ್ಕೇ ಸಿಗುತ್ತವೆ. ಬೇರಿನಿಂದ ಊಹಿಸಿದ್ದನ್ನು ಡಿಕ್ಷನರಿಯಲ್ಲಿ ಒಮ್ಮೆ ನೋಡಲೇಬೇಕು. ಯಾಕೆ ಅಂತ ನಮ್ಮಪ್ಪನ ವಿಷಯದಲ್ಲಿ ಹೇಳಿದ್ದೇನೆ.

ಇವನ್ನು ಕಲಿತರೆ ಇಂಗ್ಲಿಷ್ ಮಾತು ಚೆನ್ನಾಗುತ್ತೆ ಅಂತ ಯಾರೋ ಹೇಳಿದರು ಅಂದಿರಲ್ಲ, ಅವರ ಮಾತು ಬಿಡಿ. ಹೆಂಡತಿ ಮೇಲೆ ವಿಪರೀತ ಮೋಹ ಇರುವವನಿಗೆ ಅಕ್ಸೋರಿಯಸ್ ಅಂತ ಪದ ಇದೆ. ಬೆಂಗಳೂರಿನ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ, ಇವತ್ತಿನವರೆಗೆ ಒಬ್ಬರ ಬಾಯಲ್ಲೂ ಕೇಳಿಲ್ಲ. ಮಾತಿನಲ್ಲಿ ಉದ್ದನೆಯ ವಾಕ್ಯವೇ ವಾಸಿ. 'ಹಿ ಸೇವ್ಸ್ ಎವ್ರಿ ರುಪೀ' ಅಂದಿದ್ದರೆ ಅವತ್ತು ಯಾರೂ ನಗುತ್ತಿರಲಿಲ್ಲ.

ಟಿಯರ್ 1ರಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ. ಅದರಲ್ಲಿ ಒನ್ ವರ್ಡ್ ಬರುವುದು ಎರಡೋ ಮೂರೋ. ಉಳಿದದ್ದು ಎರರ್ ಸ್ಪಾಟಿಂಗ್ (ವಾಕ್ಯದಲ್ಲಿ ತಪ್ಪು ಹುಡುಕುವುದು), ಕ್ಲೋಸ್ ಟೆಸ್ಟ್ (ಪ್ಯಾರಾದ ಖಾಲಿ ಜಾಗ ತುಂಬುವುದು), ಹೀಗೆ. ದಿನಕ್ಕೆ 50 ಪದದ ಹಿಂದೆ ಬಿದ್ದು ಅದನ್ನೆಲ್ಲ ಬಿಟ್ಟರೆ ಲೆಕ್ಕ ಹೊಂದಲ್ಲ. ದಿನಕ್ಕೆ ಒಂದು ಗುಂಪು ಸಾಕು, ಐದಾರು ಪದ. ಇನ್ನು ಎಫ್‌ಡಿಎಗೂ ಇದೇ ಓದುತ್ತಿದ್ದೇನೆ ಅಂದಿರಿ. ಅಲ್ಲಿ ಸಾಮಾನ್ಯ ಕನ್ನಡ ಅಥವಾ ಸಾಮಾನ್ಯ ಇಂಗ್ಲಿಷ್, ಎರಡರಲ್ಲಿ ಒಂದು ಆರಿಸಿಕೊಳ್ಳಬಹುದು. ಕನ್ನಡ ತಗೊಳ್ಳಿ ಮಾರಾಯ್ರೆ!